ಕುದುರೆ ಕೂದಲಿನ ಉರುಳು

ನನ್ನ ಪ್ರೀತಿಯ ಅಪ್ಪನಿಗೆ,

ಅಕ್ಷರ ಸೊಟ್ಟಗಿವೆ, ಒತ್ತಕ್ಷರ ಎಲ್ಲೆಲ್ಲೋ ತಪ್ಪಿವೆ, ಬೈಯಬೇಡ. ನಾಲ್ಕನೇ ತರಗತಿಗೆ ಶಾಲೆ ಬಿಡಿಸಿದವನು ನೀನೇ ಅಲ್ಲವೇ? ಇದನ್ನು ಬೇರೆ ಯಾರಿಗೂ ಬಾಯಿಬಿಟ್ಟು ಹೇಳಲಾರೆ, ನಾಚಿಕೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಯಲಬುರ್ಗಾ ಸಂತೆಯಿಂದ ಬಂದವರು ನಮ್ಮ ಅಂಗಳದಲ್ಲಿ ಎತ್ತು ನಿಲ್ಲಿಸುತ್ತಿದ್ದರು, ನೆನಪಿದೆಯೇ? ಎತ್ತಿನ ಮೈಮೇಲಿನ ನರೂಲಿಗೆ ನೀನು ಕುದುರೆ ಬಾಲದ ಕೂದಲಿನ ಉರುಳು ಹಾಕುತ್ತಿದ್ದೆ. ದಿನಕ್ಕಿಷ್ಟು ಬಿಗಿಯುತ್ತ, ಅದು ಒಣಗಿ ತಾನೇ ಉದುರುವವರೆಗೆ ಕಾಯುತ್ತಿದ್ದೆ. ಒಮ್ಮೆ ಅಣ್ಣ ಅವಸರಕ್ಕೆ ಎಳೆದುಬಿಟ್ಟ. ರಕ್ತ ಚಿಮ್ಮಿತು. ನೀನು ಎರಡು ಬೆರಳಲ್ಲಿ ಅದರ ಬುಡ ಒತ್ತಿ ಹಿಡಿದೆ.

"ನಿಂತತೇನಪ್ಪಾ?" ಎಂದೆ ನಾನು.

"ಹಿಡದ ಮ್ಯಾಲ ಇಣುಕಿ ನೋಡಬಾರ್ದವಾ. ರಕ್ತಕ್ಕೂ ನಾಚಿಕಿ ಇರ್ತೈತಿ, ನಿನ್ನಂಗ."

ಊರ ಎತ್ತುಗಳ ರಕ್ತ ನಿಲ್ಲಿಸಿದವನು ನಿನ್ನದನ್ನು ಏಕೆ ಮುಚ್ಚಿಟ್ಟೆ? ಬೆಳಕು ಹರಿಯುವ ಮೊದಲೇ ಹಳ್ಳಕ್ಕೆ ಹೋಗಿ ನಿನ್ನ ಧೋತರ ನೀನೇ ಒಗೆದುಕೊಳ್ಳುತ್ತಿದ್ದೆ. ಕಲೆ ಕಂಡು ಕೇಳಿದರೆ, "ಉಷ್ಣ ಆಗೈತಿ, ಮಜ್ಜಿಗಿ ಕುಡದ್ರ ಹೋಗ್ತೈತಿ" ಎನ್ನುತ್ತಿದ್ದೆ. ನಾವು ನಂಬಿದೆವು. ನಂಬದೆ ಇದ್ದಿದ್ದರೆ...

ನೀನು ತೀರಿಹೋದ ಮರುವರ್ಷವೇ ನನಗೂ ಅದೇ ಶುರುವಾಯಿತು ಅಪ್ಪಾ, ಹೊರಕಡೆಗೆ ಕೂತಾಗ ರಕ್ತ. ನಾನೂ ಮಜ್ಜಿಗೆ ಕುಡಿದೆ. ಕಡೆಗೆ ಬಾವಿಕಟ್ಟೆಯಲ್ಲಿ ತಲೆತಿರುಗಿ ಬಿದ್ದಾಗ ಅಣ್ಣ ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿ ಡಾಕ್ಟರು ಹಾವಿನಂಥ ಕರಿ ಕೊಳವೆ ಒಳಗೆ ಬಿಟ್ಟು, ಒಂದು ಕಣ್ಣು ಮುಚ್ಚಿ ಅದರಲ್ಲಿ ನೋಡಿದರು. ಕರುಳಿನಲ್ಲಿ, ತೊಟ್ಟಿನ ತುದಿಗೆ ಒಂದು ಗಂಟು ಇತ್ತಂತೆ, ನರೂಲಿಯ ಹಾಗೆ. ಅದಕ್ಕೆ ತಂತಿಯ ಉರುಳು ಹಾಕಿ, ಕರೆಂಟಿನಿಂದ ಸುಡುತ್ತ ಸಾವಕಾಶ ಬಿಗಿದರು. ಗಂಟು ಬಿತ್ತು. ಆದರೂ ರಕ್ತ ಬಂತು.

"ಉಳಿದ ತೊಟ್ಟಿಗೆ ಮತ್ತ ಉರುಳು ಹಾಕೂನು. ಸಿಸ್ಟರ್, ಬಿಗಿ ಹಿಡೀರಿ" ಎಂದರು ಡಾಕ್ಟರು.

"ನಿಂತಿರಬೇಕ್ರಿ ಸರ್, ಬಿಟ್ಟು ನೋಡ್ಲೇನ್ರಿ?"

"ನೋಡೂದಿದ್ರ ಗಡಿಯಾರ ನೋಡ್ರಿ."

ನನಗೆ ನಗು ಬಂದುಬಿಟ್ಟಿತು. "ಏ ತಂಗಿ, ನಗಬ್ಯಾಡವಾ, ಹೊಟ್ಟಿ ಅಳ್ಳಾಡತೈತಿ!" ಎಂದು ಸಿಸ್ಟರು ಗದರಿದರು. ಯಾಕೆ ನಕ್ಕೆನೆಂದು ಅವರಿಗೆ ಹೇಗೆ ಹೇಳಲಿ? ಐದು ನಿಮಿಷ ಕಳೆದು ಉರುಳು ಸಡಿಲಿಸಿದರು. ರಕ್ತ ನಿಂತಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಅಣ್ಣನಿಗೆ, "ಒಡಹುಟ್ಟಿದವರಿಗೂ ಇರಬಹುದು, ನೀವೂ ತೋರಿಸ್ಕೋರಿ" ಎಂದರು. ಅವನು ಕೇಳಬೇಕಲ್ಲ! "ನನಗೇನಾಗೈತಿ, ಕಲ್ಲಿದ್ದಂಗ ಅದೀನಿ" ಎಂದು ಬಸ್ಸು ಹತ್ತಿಸಿದ.

ಇವತ್ತು ಮುಂಜಾನೆ ಹಿತ್ತಲಿಗೆ ಹೋದೆ. ಅಣ್ಣನ ಲುಂಗಿ ಒದ್ದೆಯಾಗಿ ಹಗ್ಗದ ಮೇಲಿತ್ತು. ಮನೆಯ ಬಟ್ಟೆ ಒಗೆಯುವವಳು ನಾನು. ಅದನ್ನು ನಾನು ಒಗೆದಿರಲಿಲ್ಲ.

ಒಳಗೆ ಬಂದು ಅವನ ಮುಖ ನೋಡಿಯೇ ಕೇಳಿದೆ, "ಮಜ್ಜಿಗಿ ಕುಡಿಯಾಕತ್ತೀಯೇನಣ್ಣಾ?"

ಅವನು ನೆಲ ನೋಡಿದ. "ಹುಬ್ಬಳ್ಳಿ ಬಸ್ಸು ಎಷ್ಟಕ್ಕೈತಿ?" ಎಂದ.

ಇಬ್ಬರಿಗಾಗುವಷ್ಟು ರೊಟ್ಟಿ ಬಡಿದು ಬುತ್ತಿ ಕಟ್ಟಿದ್ದೇನೆ ಅಪ್ಪಾ. ಮಜ್ಜಿಗೆ ಮಾತ್ರ ಇಟ್ಟಿಲ್ಲ.