ಉಡಿ ತುಂಬಿಸಿಕೊಂಡ ಗಿಟಾರು

ಹುಕ್ಕೇರಿ
೧೪ ನವೆಂಬರ್ ೨೦೨೪

ಪ್ರೀತಿಯ ಅವ್ವಗ,

ಶರಣು ಅವ್ವಾ. ಸಿಟ್ಟಾಗಬ್ಯಾಡ, ಪತ್ರ ಹರೀಬ್ಯಾಡ, ಪೂರಾ ಓದು. ಫೋನಿನ್ಯಾಗ ಅಪ್ಪನ ಗಿಟಾರಿನ ಹೆಸರು ತಗದ್ರ ಸಾಕು, ಕಟ್ ಮಾಡ್ತಿ. ಅದಕ್ಕ ಬರ್ಯಾಕತ್ತೇನಿ. ನೀ ಯಾವಾಗಲೂ ಅದನ್ನ ಸವತಿ ಸವತಿ ಅಂತ ಬೈತಿದ್ದೆಲ್ಲಾ, ಆಕಿನ್ನ ಮೂಡಲಗಿಯಿಂದ ಕರಕೊಂಡು ಬಂದೇನಿ.

ಅಪ್ಪ ಹಾಸಿಗಿ ಹಿಡದಾಗ ಆ ಕೆಂಪು ಕರೆಂಟಿನ ಗಿಟಾರನ್ನ ತನ್ನ ಆರ್ಕೆಸ್ಟ್ರಾದ ಗೆಳ್ಯಾ ಶಿದ್ರಾಮ ಕಾಕಾಗ ಕೊಟ್ಟ. ಪೀಡಾ ಹೋತು ಅಂದಿ ನೀ. ನಾ ಮಾತ್ರ ಅಪ್ಪ ತೀರಿಕೊಂಡಾಗಿಂದ ಅದರದ್ದ ಹಂಬಲ ಹಚಗೊಂಡು ಕುಂತಿದ್ದೆ. ಸಣ್ಣಾಕಿ ಇದ್ದಾಗ ಅಪ್ಪ ನನ್ನ ಬಟ್ಟು ಹಿಡದು ಅದರ ತಂತಿ ಒತ್ತಿಸಿದ್ದ. ಬಟ್ಟು ಉರದು ಅತ್ತೆ, ಅತಗೋತನ ಮತ್ತ ಒತ್ತಿದೆ. ಗೋಕಾಕದ ಮದವಿಯೊಳಗ ಅಪ್ಪ ಅದನ್ನ ನುಡಸಾಕತ್ತಿದ್ರ ಬೀಗರು ಊಟ ಬಿಟ್ಟು ಎದ್ದು ಬರ್ತಿದ್ರು. ಅಪ್ಪನ್ನ ಮುಟ್ಟಿದಂಗ ಆಗೂದು ಅದೊಂದ ಉಳದೈತಿ ಅವ್ವಾ.

ಕಾಕಾ ಮೊದಲ ಬಿಲ್ಕುಲ್ ಒಲ್ಲೆ ಅಂದ. ರೊಕ್ಕದ ಮಾತ ಎತ್ತಿದ್ದಕ್ಕ ಸಿಟ್ಟಿಗೆದ್ದು, ಗೆಳ್ಯಾ ಕೊಟ್ಟದ್ದನ್ನ ಮಾರಿ ಉಣ್ಣೂ ಮಂದಿ ಅಲ್ಲ ನಾವು ಅಂದ. ಹಂಗಾರ ಪುಗಶೆಟ್ಟಿ ಕೊಡ್ರಿ ಅಂದ್ನಿ. ಅದಕ್ಕೂ ಒಲ್ಲೆ! ಕಡೀಕ ಕಾಕಾನ ಹೇಣ್ತಿ ಅಲ್ಲವ್ವ ಕಾಕು ಬಾಯಿ ಬಿಟ್ಲು. ಇವರು ಇದನ್ನ ನುಡಸೂದು ಕೇಳಾಕ ಸಂತಿಗೊಮ್ಮೆ ಒಬ್ಬಾಕಿ ಬರ್ತಾಳ, ನೀ ಒಯ್ದ್ರ ಆಕಿ ಎಲ್ಲಿ ಹೋಗಬೇಕು ಅಂದ್ಲು. ಯಾರಂತ ಕೇಳಿದೆ. ನಿಮ್ಮವ್ವ ಅಂದ್ಲು.

ಮೊಣಕಾಲಿಗೆ ಎಣ್ಣಿ ತರಾಕ ಮೂಡಲಗಿಗೆ ಹೊಂಟೇನಿ ಅಂತ ನಮಗೆಲ್ಲಾ ಹೇಳ್ತಿದ್ದೆಲ್ಲಾ ಅವ್ವಾ! ಹೊಟ್ಟೀಲೆ ಹುಟ್ಟಿದ ಮಗಳ ಮುಂದ ಮುಚ್ಚಿಡೂವಂಥಾದ್ದು ಏನಿತ್ತು? ಸಿಟ್ಟೂ ಬಂತು, ಅಳೂನೂ ಬಂತು. ಅವರ ಕಟ್ಟಿ ಮ್ಯಾಲ ಕುಂತು ಅತ್ತೆ.

ಅತ್ತು ಹಗುರಾದ ಮ್ಯಾಲ ನಾನ ಹೇಳಿದೆ, ಇದು ನನ್ನ ಮನಿಗೆ ಬ್ಯಾಡ, ಮೇಲವಂಕಿಗೆ ಅವ್ವನ ಕಡೆ ಹೋಗ್ಲಿ ಅಂತ. ಕಾಕಾ ಆಗ ಒಪ್ಪಿದ. ಕಾಕು ಹಂಗ ಕಳಸಾಕ ತಯಾರಿಲ್ಲ. ಮನ್ಯಾಗ ಇದ್ದು ಹೊಂಟದ್ದು ಹೆಣ್ಣಮಗಳಿದ್ದಂಗ ಅಂತ ಅದರ ಕೊಳ್ಳಿಗೆ ಖಣ ಸುತ್ತಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಇಟ್ಟು ಉಡಿ ತುಂಬಿದ್ಲು. ಭಕ್ತಿ ಹೆಚ್ಚಾಗಿ ವಾಯರ್ ಸಿಗಸೂ ತೂತಿನ್ಯಾಗೂ ಹಸಿ ಅರಿಷಿಣ-ಕುಂಕುಮ ತುಂಬ್ಯಾಳ! ಬರೂಮುಂದ ಗೋಕಾಕದಾಗ ಹಚ್ಚಿ ನೋಡಿದ್ರ ಕುಂಯ್ ಅನ್ನಲಿಲ್ಲ. ರಿಪೇರಿ ಮಾಡೂ ಸೋಮಶೇಖರ ಬಿಚ್ಚಿ ನೋಡಿ, ಪೂಜಿ ಹೊರಗಿಂದ ಮಾಡ್ರಿ ಅಕ್ಕಾರ ಅಂತ ಬಿದ್ದು ಬಿದ್ದು ನಕ್ಕ. ಈಗ ಚಲೋ ನುಡೀತೈತಿ.

ಐತ್ವಾರ ನಾನ ತರ್ತೇನಿ. ಖರೆ ಹೇಳ್ತೇನಿ, ಕೊಡಾಕ ಮನಸ್ಸು ಒಲ್ಲೆ ಅಂತೈತಿ. ಆದ್ರೂ ತರ್ತೇನಿ. ನಿನ್ನ ಮೊಣಕಾಲೆಣ್ಣಿ ಗುಟ್ಟು ಅಣ್ಣಗ, ಶೈಲಾ ವೈನಿಗೆ ನೀನ ಹೇಳು, ನಾ ಬಾಯಿ ಬಿಡೂದಿಲ್ಲ.

ನಿನ್ನ ಮಗಳು
ಅನ್ನಪೂರ್ಣಾ

ತಾ.ಕ.: ಅಪ್ಪ ಮದವಿ ಮುಗಿಯೂಮುಂದ ನುಡಸ್ತಿದ್ದ ಧಾಟಿ ಶಿದ್ರಾಮ ಕಾಕಾಗ ಪೂರಾ ಬರ್ತಿರಲಿಲ್ಲಂತ. ತಪ್ಪಿದಲ್ಲೆಲ್ಲಾ ನೀನ ಗುನುಗಿ ತಿದ್ದಿ, ಕಡೀತನಕಾ ಕಲಿಸೀದಿ ಅಂತ ಹೇಳಿದ. ನನಗೂ ಕಲಸವ್ವಾ. ಐತ್ವಾರ ವಸ್ತಿ ಇರ್ತೇನಿ.