ಟೈಲರ್ ಟೇಪಿನ ಅಳತೆ

ನವೆಂಬರ್ 5, 2012, ಸೋಮವಾರ

ಇವತ್ತಿನಿಂದ ಶೂ ಬಿಟ್ಟು ಚಪ್ಪಲಿ. ಬಗ್ಗಿ ಲೇಸ್ ಕಟ್ಟುವ ಕಾಲ ಮುಗಿಯಿತು. ಸಂಜೆಗೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಗುರುತು ಕೆಂಪಗೆ. ಲ್ಯಾಬಿನಲ್ಲಿ ಏಸಿ ಇಪ್ಪತ್ತು ಡಿಗ್ರಿ, ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತರೆ ನನಗೊಬ್ಬಳಿಗೇ ಸೆಕೆ. ಒಳಗೆ ಯಾರೋ ಒಲೆ ಹೊತ್ತಿಸಿ ಇಟ್ಟಿದ್ದಾರೆ.

ಪೀಣ್ಯದ ಎಷ್ಟೋ ಕಾರ್ಖಾನೆಗಳ ಮೈಕ್ರೊಮೀಟರು, ವರ್ನಿಯರು ಅಂತ ಅಳತೆ ಸಾಧನಗಳೆಲ್ಲ ನಮ್ಮ ಲ್ಯಾಬಿಗೆ ಬರುತ್ತವೆ. ಅವು ನಿಜ ಹೇಳುತ್ತಿವೆಯೋ ಸುಳ್ಳೋ ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ಕೂದಲೆಳೆಯಷ್ಟು ತಪ್ಪಿದರೂ ವಾಪಸ್. ಇಂಥ ನನ್ನ ಹೊಟ್ಟೆಯನ್ನು ಶನಿವಾರ ಡಾಕ್ಟರ್ ವಸಂತಮ್ಮ ಅಳೆದದ್ದು ಯಾವುದರಲ್ಲಿ? ರವಿಕೆ ಹೊಲಿಯುವವರ ಟೇಪಿನಲ್ಲಿ! ಅದೂ ಅಂಚು ಕಿತ್ತು ಹೋದದ್ದು.

“ಇಪ್ಪತ್ತೆಂಟು ವಾರ, ಇಪ್ಪತ್ತೆಂಟು ಸೆಂಟಿಮೀಟರ್. ಕರೆಕ್ಟಾಗಿದೆ ಕಣಮ್ಮ,” ಅಂದರು. ಕೆಳಗಿನ ಮೂಳೆಯಿಂದ ಗರ್ಭದ ತುದಿಯವರೆಗಿನ ಎತ್ತರ ವಾರಕ್ಕೊಂದು ಸೆಂಟಿಮೀಟರ್ ಮೇಲೇರುತ್ತದಂತೆ, ಎಲ್ಲ ಹೆಂಗಸರಿಗೂ, ಹೆಚ್ಚುಕಮ್ಮಿ ಹೀಗೇ. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಈ ಲೆಕ್ಕ ಹೊಟ್ಟೆಗೆ ಹೇಳಿಕೊಟ್ಟವರು ಯಾರು?

ಎರಡು ವರ್ಷದ ಹಿಂದೆ ಇದೇ ಏಳನೇ ತಿಂಗಳು. ಬೆಳೆಯುವುದು ನಿಂತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ಎದೆಬಡಿತವೂ ನಿಂತಿತ್ತು. ಈ ಸಲ ನನಗೆ ಮೊದಲೇ ಗೊತ್ತಾಗಬೇಕು. ಎಂಟನೇ ಮೈಲಿ ಸ್ಟಾಪಿನಲ್ಲಿ ಇಳಿದು ಒಂದು ಟೇಪ್ ತಂದೆ.

ನವೆಂಬರ್ 7, ಬುಧವಾರ

ಹೊಸ ಟೇಪನ್ನು ಲ್ಯಾಬಿಗೆ ಒಯ್ದು ಸ್ಟೀಲ್ ಸ್ಕೇಲಿನ ಪಕ್ಕ ಹಿಡಿದು ನೋಡಿದೆ. ಪರವಾಗಿಲ್ಲ, ಕಡುಸುಳ್ಳನಲ್ಲ. ಮನೆಯಲ್ಲಿ ಗಂಡ ಋಷಿ ನಗುತ್ತಾನೆ. “ಅದಕ್ಕೂ ಸರ್ಟಿಫಿಕೇಟ್ ಕೊಟ್ಯೇನೇ?” ಅಂತ. ಅವನಿಗೆ ಗೋಡೌನಿನಲ್ಲಿ ಲೋಡು ಇಳಿಸಿದರೆ ಆಯಿತು, ಒಂದು ಮೂಟೆ ಆಚೆ ಈಚೆ ಆದರೂ ನಡೆಯುತ್ತದೆ. ನನಗೆ ನಡೆಯುವುದಿಲ್ಲ.

ಸ್ನಾನ ಮಾಡುವಾಗ ನೋಡಿದೆ, ಹೊಕ್ಕುಳು ಹೊರಗೆ ಬಂದುಬಿಟ್ಟಿದೆ. ಅದರಿಂದ ಕೆಳಗೆ ಒಂದು ಕಂದು ಗೆರೆ, ಯಾರೋ ಸ್ಕೇಲ್ ಇಟ್ಟು ಎಳೆದಷ್ಟು ನೇರ. ಕುರ್ತಾದ ಎದೆಯ ಮೇಲೆ ಹಳದಿ ಕಲೆ, ಸಾಂಬಾರು ಅಂದುಕೊಂಡೆ. ಅಲ್ಲ. ಹಾಲಿನ ಮೊದಲ ತಯಾರಿ. ಬರುವವರು ಇನ್ನೂ ಬಂದೇ ಇಲ್ಲ, ಆಗಲೇ ಅಡುಗೆಗೆ ಇಟ್ಟಾಗಿದೆ. ನನ್ನನ್ನು ಒಂದು ಮಾತು ಕೇಳಿಲ್ಲ. ಕನ್ನಡಿಯ ಮುಂದೆ ಸುಮ್ಮನೆ ನಿಂತೆ. ಈ ಮೈ ನನ್ನದೇ ಎಂದು ಇಷ್ಟು ದಿನ ತಿಳಿದಿದ್ದೆ.

ನವೆಂಬರ್ 10, ಶನಿವಾರ

ಇಪ್ಪತ್ತೊಂಬತ್ತು! ಮೂರು ಸಲ ಅಳೆದೆ. ಮೂರು ಸಲವೂ ಅದೇ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಜೀವ ಸವೆಸಿ ರಿಟೈರ್ ಆದವರು. “ಒಂದೇ ಕೈ, ಒಂದೇ ವೇಳೆ, ಒಂದೇ ಟೇಪು. ಗೊತ್ತಾಯ್ತಾ?” ಅಂದರು. ಗೊತ್ತಿಲ್ಲದೆ ಏನು? ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಚಪಾತಿಯ ದಪ್ಪಕ್ಕೂ ವರ್ನಿಯರ್ ಹಿಡಿದವರು.

ಈಗ ಕಣ್ಣು ಬಿಡುತ್ತದಂತೆ ಒಳಗೆ. ಇಷ್ಟು ದಿನ ಅಂಟಿಕೊಂಡಿದ್ದ ರೆಪ್ಪೆ ಬೇರೆಯಾಗಿ, ತೆರೆದು, ಮುಚ್ಚಿ… ಏನು ಕಾಣುತ್ತದೆ? ಬಿಸಿಲಿಗೆ ಹೊಟ್ಟೆ ಕೊಟ್ಟು ಟೆರೇಸಿನಲ್ಲಿ ತುಂಬ ಹೊತ್ತು ಕೂತೆ. ಬೆಳಕು ಸ್ವಲ್ಪವಾದರೂ ಹೋಗಲಿ ಅಂತ. ಪಕ್ಕದ ಮನೆಯವರು ಒಣಮೆಣಸಿನಕಾಯಿ ಹರವಲು ಬಂದು, ನನ್ನನ್ನು ನೋಡಿ, ಮೊರ ಹಿಡಿದುಕೊಂಡೇ ವಾಪಸ್ ಇಳಿದು ಹೋದರು.

ನವೆಂಬರ್ 13, ಮಂಗಳವಾರ. ದೀಪಾವಳಿ

ಬೆಳಿಗ್ಗೆ ರಸ್ತೆಯಲ್ಲಿ ಯಾರೋ ಲಕ್ಷ್ಮಿ ಪಟಾಕಿ ಇಟ್ಟರು. ಢಂ! ನಾನು ಬೆಚ್ಚಲಿಲ್ಲ, ಹುಡುಗರು ಬತ್ತಿಗೆ ಬೆಂಕಿ ಮುಟ್ಟಿಸಿದ್ದು ನೋಡಿದ್ದೆ. ಒಳಗೆ ಬೆಚ್ಚಿತು. ಕೈಕಾಲೆಲ್ಲ ಒಟ್ಟಿಗೆ ಚಾಚಿ, ಹೊಟ್ಟೆ ಒಂದು ಕಡೆ ಎದ್ದು ಬಿತ್ತು.

ಒಂದು ಮೈಯಲ್ಲಿ ಒಬ್ಬಳಿಗೆ ಭಯವಿಲ್ಲ, ಇನ್ನೊಬ್ಬರಿಗೆ ಭಯ. ಅಂದರೆ ಇಬ್ಬರು. ಡಾಕ್ಟರು, ಸ್ಕ್ಯಾನು, ಪುಸ್ತಕ, ಎಲ್ಲ ಹೇಳಿದ್ದು ಇದನ್ನೇ, ಆದರೆ ನಾನು ನಂಬಿದ್ದು ಇವತ್ತು. ಎಣ್ಣೆ ಹಚ್ಚಿದ ತಲೆಯಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಸಂತೋಷಕ್ಕೆ. ಋಷಿ ಹೆದರಿ ಒಂದು ಚೊಂಬು ನೀರು ತಂದುಕೊಟ್ಟ, ಪಾಪ.

ನವೆಂಬರ್ 16, ಶುಕ್ರವಾರ, ಬೆಳಿಗ್ಗೆ

ಇಪ್ಪತ್ತೇಳು.

ಮತ್ತೆ ಅಳೆದೆ. ಇಪ್ಪತ್ತೇಳು. ನಾಳೆಗೆ ಮೂವತ್ತಾಗಬೇಕು.

ಮಲಗಿ, ಎದ್ದು, ನೀರು ಕುಡಿದು, ಮತ್ತೆ ಮಲಗಿ ಅಳೆದೆ. ಟೇಪ್ ಸರಿ ಇದೆ. ಕೈ ನನ್ನದೇ. ಮೂರು ದಿನ ಹಬ್ಬದ ಗಲಾಟೆಯಲ್ಲಿ ಅಳೆದಿರಲಿಲ್ಲ, ಅಷ್ಟರಲ್ಲಿ ಹೀಗೆ. ಮೇಲ್ಗಡೆ, ಪಕ್ಕೆಲುಬಿನ ಕೆಳಗೆ ಒದೆಯುತ್ತಿದ್ದುದು ನಿಂತಿದೆ. ಬದಿಗಳಲ್ಲಿ ಏನೋ ಮಿಸುಕುತ್ತದೆ. ಮಿಸುಕಾಟ ಹೋದ ಸಲವೂ ಇತ್ತು, ಕೊನೆಯ ದಿನದವರೆಗೂ ಇತ್ತು.

ಡಾಕ್ಟರ್ ಊರಲ್ಲಿಲ್ಲ, ರಾತ್ರಿ ಬರುತ್ತಾರೆ. ಫೋನಿನಲ್ಲಿ ಸಿಸ್ಟರ್, “ಮಿಸುಕ್ತಾ ಇದೆ ಅಲ್ವಾ ಮೇಡಂ? ಕಮ್ಮಿ ಆದ್ರೆ ತಕ್ಷಣ ಬಂದ್ಬಿಡಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಫಸ್ಟ್ ನಿಮ್ಮನ್ನೇ ನೋಡ್ತಾರೆ,” ಅಂದರು.

ಅದೇ ದಿನ, ಸಂಜೆ

ಅಪ್ಪ ಅಮ್ಮ ಜಾಲಹಳ್ಳಿಯಿಂದ ಸ್ಕೂಟರಿನಲ್ಲಿ ಬಂದಿದ್ದಾರೆ. ಅಪ್ಪನಿಗೆ ನನ್ನ ರೀಡಿಂಗ್ ಮೇಲೆ ನಂಬಿಕೆಯಿಲ್ಲ. “ನೀನು ಗಾಬರಿಯಲ್ಲಿ ಅಳೆದಿದ್ದೀಯ,” ಅಂದು ಅಮ್ಮನ ಕಡೆ ತಿರುಗಿದರು. “ಸೀತಾ, ನೀನು ತಗೋ.” ಆಮೇಲೆ ರೂಮಿನ ಬಾಗಿಲಾಚೆ ಗೋಡೆಗೆ ಮುಖ ಮಾಡಿ ನಿಂತು ಕೂಗತೊಡಗಿದರು.

“ಟೇಪ್ ಜಗ್ಗಬೇಡ್ವೇ! ಲೂಸೂ ಬಿಡಬೇಡ!”

“ಅಯ್ಯೋ ರಾಮಾ, ನಿಮ್ಮ ಕಬ್ಬಿಣ ಅಲ್ಲಾರೀ ಇದು. ಮಗಳ ಹೊಟ್ಟೆ,” ಅಂದಳು ಅಮ್ಮ.

“ಎಷ್ಟು?”

“ಇಪ್ಪತ್ತೇಳು.”

ಅಪ್ಪ ಇನ್ನೊಂದು ಸಲ ತೆಗಿ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ನಲವತ್ತು ವರ್ಷ ಯಾವ ಅಳತೆಗೂ ಸುಮ್ಮನಾಗದವರು ಸುಮ್ಮನಾದರು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ.

ದೇವರೇ, ಇದನ್ನು ಬಿಟ್ಟುಬಿಡು. ಬೇರೆ ಏನು ಬೇಕಾದರೂ ತೆಗೆದುಕೋ.

ನವೆಂಬರ್ 17, ಶನಿವಾರ

ಬರೆಯಲು ಕೈ ಓಡುತ್ತಿಲ್ಲ. ನಿಧಾನವಾಗಿ ಬರೆಯುತ್ತೇನೆ.

ಡಾಕ್ಟರು ಟೇಪ್ ಮುಟ್ಟಲೇ ಇಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟು, ಅಲ್ಲಿ ಒತ್ತಿ, ಇಲ್ಲಿ ಒತ್ತಿ, ನಕ್ಕುಬಿಟ್ಟರು. “ಅಡ್ಡಡ್ಡ ಮಲಗಿದೆ ಕಣಮ್ಮ! ಉದ್ದಕ್ಕಿದ್ದದ್ದು ಅಡ್ಡ ತಿರುಗಿದ್ರೆ ಎತ್ತರ ಕಮ್ಮಿ ಆಗಲ್ವಾ?”

ನಂಬಲಿಲ್ಲ. ಸ್ಕ್ಯಾನ್ ಮಾಡಿಸಿದರು. ತಲೆ ನನ್ನ ಎಡಪಕ್ಕದಲ್ಲಿ, ಕಾಲು ಬಲಪಕ್ಕದಲ್ಲಿ, ಅಡ್ಡಲಾಗಿ, ಭಾನುವಾರ ಮಧ್ಯಾಹ್ನ ಊಟ ಮುಗಿಸಿದವರ ಹಾಗೆ. ತೂಕ, ಎದೆಬಡಿತ, ನೀರು, ಎಲ್ಲ ಸರಿ. ಬೆಳೆಯುತ್ತಿದೆ. ಬೆಳೆಯುತ್ತಿದೆ. ಇನ್ನೂ ಜಾಗವಿದೆಯಂತೆ, ಇಷ್ಟ ಬಂದ ಹಾಗೆ ತಿರುಗುತ್ತದಂತೆ.

ಪರದೆಯ ಮೇಲೆ ಬಾಯಿ ತೆರೆದು ಆಕಳಿಸಿತು. ನಾವೆಲ್ಲ ಒಂದು ದಿನ ಪೂರ್ತಿ ಸಾಯುತ್ತಿದ್ದೆವು, ಅದು ಆಕಳಿಸುತ್ತಿದೆ! ನಾನು ಜೋರಾಗಿ ನಕ್ಕೆ. ಋಷಿ ಅತ್ತ. ಅಪ್ಪ ಹೊರಗಿನಿಂದಲೇ, “ಡಾಕ್ಟ್ರೇ, ಮತ್ತೆ ಉದ್ದಕ್ಕೆ ಬರೋದು ಯಾವಾಗ?” ಅಂದರು.

“ಅದನ್ನೇ ಕೇಳ್ಬೇಕು ಸಾರ್. ನಂಗೇನು ಹೇಳಿದ್ಯಾ ಅದು?”

ನನ್ನ ಮೇಜಿನ ಮೇಲೆ ಇಡುವ ಯಾವ ವಸ್ತುವೂ ಅಳೆಯುವಾಗ ಹೊರಳಿ ಮಲಗಿದ್ದಿಲ್ಲ. ಆ ಒಂದು ಸಂಗತಿ ನಮ್ಮ ಮನೆಯ ಇಬ್ಬರು ಇನ್‌ಸ್ಪೆಕ್ಟರುಗಳ ತಲೆಗೂ ಹೊಳೆಯಲಿಲ್ಲ. ಬೇಕೆಂದಾಗ ತಿರುಗುವುದು, ಬೇಡವೆಂದಾಗ ಮಲಗುವುದು. ಅದಕ್ಕೆ ಅದರದೇ ಮರ್ಜಿ ಇದೆ. ನನ್ನೊಳಗೆ ಇದ್ದುಕೊಂಡೇ. ಇದಕ್ಕಿಂತ ದೊಡ್ಡ ಆಶ್ಚರ್ಯ ನನಗೆ ಈ ಜನ್ಮದಲ್ಲಿ ಆಗಿಲ್ಲ.

ನವೆಂಬರ್ 25, ಭಾನುವಾರ, ಸಂಜೆ

ಒಂದು ವಾರ ಏನೂ ಬರೆಯಲಿಲ್ಲ. ತಿಂದೆ, ಮಲಗಿದೆ, ಆಫೀಸಿಗೆ ಹೋದೆ, ಬಂದೆ. ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯುರಿ. ಎಡಕ್ಕೆ ಹೊರಳಬೇಕಾದರೆ ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಇದೆಲ್ಲ ದೂರಲ್ಲ, ಸುಮ್ಮನೆ ಬರೆದಿಟ್ಟೆ.

ಋಷಿ ಅಂಗಡಿಗೆ ಹೋಗಿದ್ದಾನೆ. ಮನೆಯಲ್ಲಿ ಒಬ್ಬಳೇ… ಹಾಗೆ ಬರೆಯುವುದು ಈಗ ತಪ್ಪು.

ಇದೇನು. ಎಡಗಡೆ ದೊಡ್ಡದಾಗಿ ಗುಂಡಗೆ ಎದ್ದಿದೆ. ತಲೆಯೇ ಇರಬೇಕು. ಕೈ ಇಟ್ಟರೆ ಗಟ್ಟಿ, ಅಂಗೈ ತುಂಬ. ಸರಿಯುತ್ತಿದೆ, ನಿಜವಾಗಿ ಸರಿಯುತ್ತಿದೆ, ಕೈಯ ಕೆಳಗೇ ಹೋಗುತ್ತಿದೆ. ಕೆಳಕ್ಕೆ. ನೋವಿಲ್ಲ, ಉಸಿರು ಮಾತ್ರ ಸಿಕ್ಕಿಕೊಂಡಿದೆ. ಹೊಟ್ಟೆಯ ಆಕಾರವೇ ಬದಲಾಗುತ್ತಿದೆ, ಕಣ್ಣೆದುರಿಗೇ.

ಋಷಿಗೆ ಫೋನ್ ಮಾಡಲೇ? ಬೇಡ. ಅಲ್ಲಾಡಿದರೆ ನಿಲ್ಲಿಸಿಬಿಟ್ಟರೆ?

ತಿರುಗು ಪುಟ್ಟಾ. ಅವಸರ ಬೇಡ, ನಿನಗೆ ಹೇಗೆ ಬೇಕೋ ಹಾಗೆ. ನಿನ್ನ ಅಮ್ಮ ಇಲ್ಲೇ ಇದ್ದಾಳೆ, ಕೈ ಇಟ್ಟುಕೊಂಡು, ಎಲ್ಲಿಗೂ ಹೋಗುವುದಿಲ್ಲ.