ವರದಿಯಲ್ಲಿ ನಾನು ಬರೆದ ಸಾವಿತ್ರಕ್ಕ

ಸಾವಿತ್ರಕ್ಕ,

ಕ್ಷೇಮವೇ ಎಂದು ಕೇಳಿ ಕಾಗದ ಶುರು ಮಾಡುವ ಹಾಗಿಲ್ಲ. ನೀನು ಹೋಗಿ ತಿಂಗಳಾಗುತ್ತ ಬಂತು. ನಿನಗೆ ಹೇಳಬೇಕಾದ ಒಂದು ಮಾತನ್ನು ವರ್ಷಕ್ಕೂ ಹೆಚ್ಚು ಕಾಲ ಗಂಟಲಲ್ಲಿ ಇಟ್ಟುಕೊಂಡು ತಿರುಗಿದೆ. ನೀನು ಎದುರಿಗೇ ಕೂತು ಚಹಾ ಕುಡಿಯುವಾಗಲೂ ಹೇಳಲಿಲ್ಲ. ಈಗ ನೀನು ತಿರುಗಿ ಏನೂ ಅನ್ನಲಾರೆ ಎಂದಾದ ಮೇಲೆ ಬರೆಯಲು ಕೂತಿದ್ದೇನೆ. ಹೇಡಿ ಎಂದರೆ ಒಪ್ಪುತ್ತೇನೆ. ಬೈಯಬೇಕೆನಿಸಿದರೆ ಬೈಯಿ, ನೀನು ಬೈದರೆ ಬಸ್ಸಿನ ಕಂಡಕ್ಟರೂ ತಿರುಗಿ ನೋಡುತ್ತಿದ್ದ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ನಿನಗೆ ನೆನಪಿದೆಯಾ? ಕಾರವಾರದಲ್ಲಿ ನಮ್ಮ ಸೇವಾಸಂಸ್ಥೆಯ ಕಚೇರಿಯ ಮುಂದೆ ಜೀಪು ನಿಂತಿತ್ತು. ನಡುವಿನ ಸೀಟು ಸಂಬಳದ ಸಿಬ್ಬಂದಿಗೆ, ಹಿಂದಿನ ಉದ್ದ ಸೀಟು ಹಳ್ಳಿಗಳಿಂದ ಬರುವ ಕಾರ್ಯಕರ್ತೆಯರಿಗೆ. ಯಾರೂ ಬರೆದು ಅಂಟಿಸಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನಾನು ಧಾರವಾಡದಲ್ಲಿ ಸಮಾಜಕಾರ್ಯ ಓದಿ ಯೋಜನಾ ಸಂಯೋಜಕಿಯಾಗಿ ಬಂದವಳು. ನೀನು, ಆ ಸಂಸ್ಥೆಯವರು ಇನ್ನೂ ಬೋರ್ಡು ಬರೆಸುವ ಮೊದಲೇ, ನಮ್ಮ ಸಿದ್ದಿ ಕೇರಿಗಳಿಗೆ ಅವರನ್ನು ಕೈ ಹಿಡಿದು ಕರೆದುಕೊಂಡು ಹೋದವಳು. ಇಪ್ಪತ್ತು ವರ್ಷದ ಮೇಲೂ ಕಾಗದದಲ್ಲಿ ಮಾತ್ರ ‘ಸ್ವಯಂಸೇವಕಿ’. ನಾನು ನಿನ್ನ ಪಕ್ಕ ಕೂರಲು ಹಿಂದೆ ಹತ್ತಹೊರಟೆ. ನೀನು ನನ್ನ ಚೀಲ ಹಿಡಿದು ಎಳೆದೆ.

“ನೀ ಮುಂದೆ ಕೂಕೊ ತಂಗಿ. ನಮ್ಮೋರು ಯಾರೂ ಅಲ್ಲಿ ಕೂತಿದ್ದು ನಾ ಕಂಡಿಲ್ಲ. ಇವತ್ತಾದ್ರೂ ಕಾಣ್ತೆ.”

ದಾರಿಯುದ್ದಕ್ಕೂ ನೀನು ಹಿಂದಿನಿಂದ ನನ್ನ ತಲೆ ನೋಡುತ್ತ ಬಂದಿರಬೇಕು. ನಾನು ಒಮ್ಮೆಯೂ ತಿರುಗಲಿಲ್ಲ. ನಡುವಿನ ಸೀಟು ಮೆತ್ತಗಿತ್ತು ಅಕ್ಕ, ಸುಳ್ಳು ಹೇಳುವುದಿಲ್ಲ.

ಆವತ್ತು ನಾವು ಹೋದದ್ದು ಚೆಂಡಿಯಾಕ್ಕೆ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಎದ್ದು ಬಂದ ಮನೆಗಳ ಹೆಂಗಸರ ಸಭೆ. ಒಬ್ಬಾಕೆ ನನ್ನ ಬಣ್ಣ ನೋಡಿದಳು, ಕೂದಲು ನೋಡಿದಳು, ಕೊನೆಗೆ ಜೀಪಿನ ಚಾಲಕನನ್ನು ಕೇಳಿದಳು, “ಇವ್ರು ಯಾವ ದೇಶದವ್ರು? ಕನ್ನಡ ತಿಳೀತದ್ಯಾ ಇವ್ರಿಗೆ?” ನಾನು ಓದಿದವಳಲ್ಲವೇ, ಪಾಠ ಶುರುಮಾಡಿದೆ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದದ್ದು, ಅವರು ತಪ್ಪಿಸಿಕೊಂಡು ಈ ಕಾಡು ಸೇರಿದ್ದು, ಎಷ್ಟೋ ತಲೆಮಾರಿನಿಂದ ನಾವು ಇಲ್ಲಿಯವರೇ ಎಂಬುದು. ಅವರ ಮುಖ ಇನ್ನಷ್ಟು ಬಿಗಿಯಾಯಿತು. ನೀನು ನೆಲಕ್ಕೆ ಕೂತು, ಕೊಂಕಣಿಯಲ್ಲಿ, ಇವತ್ತು ಬಂಗಡೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಅಷ್ಟೇ. ಅರ್ಧ ಗಂಟೆಯಲ್ಲಿ ಅವರು ಬಿಟ್ಟು ಬಂದ ಗದ್ದೆ, ಬಾವಿ, ತೆಂಗಿನ ಮರ ಎಲ್ಲವನ್ನೂ ನಿನ್ನ ಮುಂದೆ ಹೇಳಿಕೊಂಡು ಅತ್ತರು. ಆ ಸಭೆಯ ವರದಿಗೆ ಸಹಿ ಹಾಕಿದವಳು ನಾನು. ವರದಿಯಲ್ಲಿ ನಿನ್ನ ಹೆಸರು ಇರಲಿಲ್ಲ.

ದೆಹಲಿಯಿಂದ ದಾನಿಗಳು ಬಂದ ದಿನ ನಾನು ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದೆ. ಮುಗಿದ ಮೇಲೆ ಅವರಲ್ಲೊಬ್ಬರು ನನ್ನನ್ನು ಕೇಳದೆ ನಮ್ಮ ನಿರ್ದೇಶಕಿ ಮೇಡಂ ಅವರನ್ನು ಕೇಳಿದರು, ಈ ಹುಡುಗಿಯೂ ನಿಮ್ಮ ಫಲಾನುಭವಿಯೇ ಎಂದು. ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, ನಮ್ಮ ಹುಡುಗಿಯೇ ಎಂದರು. ನಾನು ಓದಿದ್ದು ಸರ್ಕಾರಿ ಹಾಸ್ಟೆಲಿನಲ್ಲಿ. ಓದಿಸಿದ್ದು ಹೆತ್ತ ಆಯಿ, ಒಡೆಯರ ಮನೆಯಲ್ಲಿ ಅಡಿಕೆ ಸುಲಿದು. ನಾನು ತಿದ್ದಲಿಲ್ಲ, ಹಲ್ಲು ಬಿಟ್ಟು ನಿಂತೆ. ಊಟವಾದ ಮೇಲೆ ಅತಿಥಿಗಳಿಗೆ ನಮ್ಮ ಕುಣಿತ ನೋಡುವ ಆಸೆಯಾಯಿತು. ಮೇಡಂ ಒಮ್ಮೆ ನಿನ್ನನ್ನು ನೋಡಿದರು, ಒಮ್ಮೆ ನನ್ನನ್ನು. ಕೋಣೆಯಲ್ಲಿ ಹದಿನೈದು ಜನ ಸಿಬ್ಬಂದಿ ಇದ್ದರೂ ಕುಣಿಯಲು ಬರುವುದು ನಮ್ಮಿಬ್ಬರಿಗೆ ಮಾತ್ರ ಎಂದು ಹೇಗೆ ತಿಳಿಯಿತೋ. ನೀನು ಸೆರಗು ಸಿಕ್ಕಿಸಿಕೊಳ್ಳುತ್ತ ಎದ್ದೆ. “ನಂಗೆ ಮೊಣಕಾಲು ನೋವು ಮೇಡಂ. ನೀವು ಕುಣೀರಿ, ನಾ ಬಾರಿಸ್ತೆ.” ಎಲ್ಲರೂ ನಕ್ಕರು, ಮಾತು ಅಲ್ಲಿಗೇ ನಿಂತಿತು. ಹೊರಗೆ ಬಂದ ಮೇಲೆ ನೀನು ನಗಲಿಲ್ಲ. “ನಿನ್ನ ಆಯಿ ಓದ್ಸಿದ್ದು ಅಂತ ಹೇಳೂಕೆ ಬಾಯಿಗೆ ಎಂತ ಆಗಿತ್ತು ನಿಂಗೆ?” ಎಂದೆ. ಏನಾಗಿತ್ತು ಅಕ್ಕ? ನನಗೂ ಸರಿಯಾಗಿ…

ಮೇಡಂ ಕೆಟ್ಟವರಾಗಿದ್ದರೆ ಸುಲಭವಿತ್ತು. ಅವರ ತವರುಮನೆಯ ತೋಟದಲ್ಲೇ ನಿನ್ನ ತಾಯಿ ದುಡಿದದ್ದು. ‘ನಮ್ಮ ಸಾವಿತ್ರಿ’ ಎಂದೇ ಕರೆಯುತ್ತಿದ್ದರು ನಿನ್ನನ್ನು. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು. ನಿನ್ನ ಮಗಳು ರೇಖಾಳಿಗೆ ಅಂಕೋಲಾದ ಕಾಲೇಜಿನಲ್ಲಿ ಸೀಟು ಸಿಗಲು ತಾವೇ ಓಡಾಡಿದರು. ಎಲ್ಲ ಕೊಟ್ಟರು, ಕಚೇರಿಯಲ್ಲಿ ಒಂದು ಕುರ್ಚಿಯ ಹೊರತು. ನಿನಗೆ ಅದು ಬೇಕಾಗಬಹುದು ಎಂದು ಅವರಿಗೆ ಹೊಳೆದಿರಲಿಕ್ಕೇ ಇಲ್ಲ. ನನಗೆ ಹೊಳೆದಿತ್ತು. ಆದರೂ ನಾನು ಯಾವತ್ತೂ ಆ ಮಾತು ಎತ್ತಲಿಲ್ಲ.

ಹೋದ ವರ್ಷ ವಾರ್ಷಿಕ ವರದಿಗೆ ಯಶೋಗಾಥೆ ಬರೆಯುವ ಕೆಲಸ ನನಗೆ ಬಂತು. ಅದಕ್ಕೊಂದು ಅಚ್ಚು ಇದೆ, ನಿನಗೂ ಗೊತ್ತು. ಅರ್ಧ ಪುಟ ‘ಮೊದಲು’, ಅರ್ಧ ಪುಟ ‘ನಂತರ’, ನಡುವೆ ಸಂಸ್ಥೆ ಬಂದು ಕೈ ಹಿಡಿಯುವುದು. ನಾನು ನಿನ್ನನ್ನು ಆರಿಸಿಕೊಂಡೆ. ಮೊದಲ ಸಲ ಇದ್ದದ್ದನ್ನೇ ಬರೆದೆ. ನೀನು ಹುಬ್ಬಳ್ಳಿ ರಸ್ತೆಯ ಆಚೆ ಕೇರಿಯಿಂದ ಕೇರಿಗೆ ನಡೆದು ಅರಣ್ಯ ಹಕ್ಕಿನ ಅರ್ಜಿ ತುಂಬಿಸಿದ್ದು, ಅಂಕೋಲಾ ತಹಶೀಲ್ದಾರ ಕಚೇರಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತದ್ದು, ನಾರಾಯಣ ಭಾವ ಮನೆಯಲ್ಲಿ ಅಡುಗೆ ಮಾಡಿ ಮಗಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದ್ದು. ಮೇಡಂ ಓದಿ ಕನ್ನಡಕ ತೆಗೆದರು. “ಚೆನ್ನಾಗಿದೆ ಶೋಭಾ. ಆದರೆ ಇದ್ರಲ್ಲಿ ‘ಮೊದಲು’ ಎಲ್ಲಿ ಅದೆ? ನಾವು ಬರೂಕಿಂತ ಮುಂಚೆ ಅವಳಿಗೆ ಎಂತ ಕಷ್ಟ ಇತ್ತು? ಸ್ವಲ್ಪ ಗಟ್ಟಿಯಾಗಿ ಬರಿ.”

ಮಾರನೆಯ ದಿನ ಗಟ್ಟಿಯಾಗಿ ಬರೆದೆ. ನನ್ನ ಗುತ್ತಿಗೆ ಮುಂದುವರಿಸುವ ತಿಂಗಳು ಅದು, ಅದನ್ನೂ ಮುಚ್ಚಿಡುವುದಿಲ್ಲ. ನಿನ್ನ ಗಂಡ ಕುಡುಕ ಎಂದು ಬರೆದೆ. ದಿನವೂ ಹೊಡೆಯುತ್ತಿದ್ದ ಎಂದು ಬರೆದೆ. ಮಗು ಉಪವಾಸ ಮಲಗುತ್ತಿತ್ತು, ನೀನು ಹೊಸಿಲು ದಾಟಲು ಹೆದರುತ್ತಿದ್ದೆ, ಆಮೇಲೆ ಸಂಸ್ಥೆ ಬಂತು ಎಂದು ಬರೆದೆ. ಕೇರಿಯ ಮದುವೆಗಳಲ್ಲೂ ಕಪ್ಪು ಚಹಾ ಕುಡಿದು ಎದ್ದು ಬರುವ ನಾರಾಯಣ ಭಾವನ ಬಗ್ಗೆ ಇದನ್ನೆಲ್ಲ ಬರೆಯಲು ನನಗೆ ಮುಕ್ಕಾಲು ಗಂಟೆ ಸಾಕಾಯಿತು. ಮೇಡಂ ಕಣ್ಣಲ್ಲಿ ನೀರು ತಂದುಕೊಂಡರು. ಇದು ನಿಜವೇ ಎಂದು ಕೇಳಲಿಲ್ಲ. ಕೇಳುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂಬುದನ್ನು ಮಾತ್ರ ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ.

ವರದಿ ಅಚ್ಚಾಗಿ ಬಂದ ದಿನ ನೀನು ನಿನ್ನ ಫೋಟೊ ನೋಡಿ ಹಿಗ್ಗಿದೆ. ಒಂದು ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಗೆ ಒಯ್ದೆ. ಎಲ್ಲ ಇಂಗ್ಲಿಷಿನಲ್ಲಿದೆಯಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ರೇಖಾ ಡಿಗ್ರಿ ಓದುತ್ತಿದ್ದಾಳೆ ಎಂಬುದನ್ನು ಮರೆತಿದ್ದೆನೋ, ಮರೆತಂತೆ ಇದ್ದೆನೋ. ಆಮೇಲೂ ನೀನು ಮೊದಲಿನ ಹಾಗೇ ಇದ್ದೆ. ಆ ಬೇಸಿಗೆಯಲ್ಲಿ ಅಂಕೋಲಾ ಪೇಟೆಯಿಂದ ಈಶಾಡು ಮಾವಿನಹಣ್ಣು ತಂದು ನನ್ನ ಚೀಲಕ್ಕೆ ತುರುಕಿದೆ. ಒಂದೇ ಒಂದು ಬದಲಾಗಿತ್ತು. ಮೊದಲೆಲ್ಲ ಸಭೆ ಮುಗಿದ ಕೂಡಲೇ “ಎಂತ ಬರ್ದೆ, ಓದಿ ಹೇಳು” ಎನ್ನುತ್ತಿದ್ದವಳು ಆಮೇಲೆ ಕೇಳಲೇ ಇಲ್ಲ. ನನಗೆ ಒಂದು ಕೆಲಸ ಕಡಿಮೆಯಾಯಿತು ಎಂದುಕೊಂಡೆ.

ನೀನು ಜ್ವರ ಎಂದು ಮಲಗಿದ ವಾರ ಕಾರವಾರದಲ್ಲಿ ಮತ್ತೆ ಅತಿಥಿಗಳಿದ್ದರು. ಶನಿವಾರ ಬರುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. “ಬಾ, ಕೂತು ಮಾತಾಡುವಾ,” ಎಂದೆ ನೀನು. ಶುಕ್ರವಾರ ಆಸ್ಪತ್ರೆಗೆ ಹೊರಟ ದಾರಿಯಲ್ಲೇ ನೀನು… ಕೂತು ಏನು ಮಾತಾಡುವುದಿತ್ತು ಅಕ್ಕ?

ಸಂತಾಪ ಸಭೆಯ ದಿನ ಭಾವನನ್ನೂ ರೇಖಾಳನ್ನೂ ಕರೆತರಲು ನಾನೇ ಹೋಗಿದ್ದೆ. ಇತ್ತ ಕಚೇರಿಯಲ್ಲಿ ನಿನ್ನ ಬಗ್ಗೆ ನಾಲ್ಕು ಮಾತು ಹೇಳಲು ಕಡತ ಹುಡುಕಿದರಂತೆ. ನೀನು ಸಿಬ್ಬಂದಿಯಲ್ಲವಲ್ಲ, ಕಡತವೇ ಇರಲಿಲ್ಲ. ಸಿಕ್ಕಿದ್ದು ನನ್ನ ಆ ಪುಟ. ಯಾರೋ ಕನ್ನಡಕ್ಕೆ ಮಾಡಿಕೊಟ್ಟರು, ಮೇಡಂ ಗದ್ಗದಿತರಾಗಿ ಓದಿದರು. ಕುಡುಕ ಗಂಡನ ಹೊಡೆತ ತಿನ್ನುತ್ತ ಬದುಕಿದ ಸಾವಿತ್ರಿ ಎಂದು ಓದಿದರು. ಭಾವ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿದ್ದ ಹೆಂಗಸು ಅವರನ್ನೊಮ್ಮೆ ನೋಡಿ ತನ್ನ ಕುರ್ಚಿಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡಳು. ರೇಖಾ ಹಿಂದೆ ತಿರುಗಿ ನನ್ನನ್ನೇ ನೋಡಿದಳು. ಆಗಲೇ ಏಳಬೇಕಿತ್ತು ನಾನು. ಒಂದು ನಿಮಿಷ ಮೌನಕ್ಕೆ ಎಲ್ಲರೂ ಎದ್ದಾಗ ಅವರ ಜೊತೆ ಎದ್ದೆ.

ಹತ್ತು ದಿನ ಬಿಟ್ಟು ನಿಮ್ಮ ಕೇರಿಗೆ ಹೋದೆ. ಭಾವ ಬೇಲಿ ಕಟ್ಟುತ್ತಿದ್ದರು. ನಾನು ನಿಂತೇ ಹೇಳಿದೆ, “ಭಾವ, ಅದನ್ನ ಬರ್ದದ್ದು ನಾನು.”

“ಗೊತ್ತದೆ,” ಎಂದರು, ಕೈ ನಿಲ್ಲಿಸಲಿಲ್ಲ. “ಆ ಬುಕ್ಕು ಬಂದ ದಿನವೇ ರೇಖಾ ಓದಿ ಹೇಳ್ದಳು. ನಿಮ್ಮ ಅಕ್ಕ ಎರಡು ದಿನ ಅನ್ನ ಉಣ್ಲಿಲ್ಲ. ನಾ ಕಾರವಾರಕ್ಕೆ ಹೋಗಿ ಕೇಳ್ತೆ ಅಂದೆ. ಬೇಡ ಅಂದಳು. ‘ಆ ಹೆಣ್ಣು ತಾನಾಗೇ ಬಂದು ಹೇಳ್ತದೆ. ನಾವಾಗಿ ಕೇಳಿದ್ರೆ ಅದು ಎಲ್ಲಿ ಮುಖ ಇಟ್ಕೊಳ್ಳೂದು?’ ಅಂದಳು.”

ಹಾಗಾದರೆ ನೀನು ಕಾಯುತ್ತಿದ್ದೆ. ಒಂದು ವರ್ಷ, ಪ್ರತಿ ಸಭೆಯಲ್ಲಿ, ಪ್ರತಿ ಚಹಾದ ಹೊತ್ತಿನಲ್ಲಿ, ಇವತ್ತು ಹೇಳುತ್ತಾಳೆ, ಇವತ್ತು ಹೇಳುತ್ತಾಳೆ ಎಂದು ನನ್ನ ಮುಖ ನೋಡುತ್ತ. ನಾನು ಬಂಗಡೆಯ ಮುಳ್ಳು ತೆಗೆಯುತ್ತ ಅನುದಾನದ ಮಾತಾಡಿದೆ. ಅಳಬೇಕೆಂದು ನಿನ್ನ ಅಂಗಳದಲ್ಲಿ ಕೂತೆ, ಅಳಲು ನನಗೇನು ಹಕ್ಕಿದೆ ಎಂದು ಎದ್ದು ಬಂದೆ.

ಹೋದ ವಾರ ಆಡಳಿತ ಮಂಡಳಿಯ ಸಭೆಯಲ್ಲಿ ನಿನ್ನ ಹೆಸರಿನಲ್ಲೊಂದು ಪ್ರಶಸ್ತಿ ಇಡುವ ಮಾತು ಬಂತು. ಜೊತೆಗೆ ಆ ಕಥೆಯನ್ನು ಸಣ್ಣ ಪುಸ್ತಕ ಮಾಡಿ ಹಂಚುವುದು. ನಾನು ಎದ್ದು, ಅದು ಸುಳ್ಳು, ಬರೆದವಳು ನಾನು ಎಂದೆ. ಕೂರದೆ ಎಲ್ಲ ಹೇಳಿ ಮುಗಿಸಿದೆ. ಮೇಡಂ ನಿಜವಾಗಿಯೂ ನೊಂದರು. “ನನ್ನ ಹತ್ರ ಬಂದು ಹೇಳೂದಲ್ವಾ ಶೋಭಾ, ಎಲ್ಲರ ಎದುರು ಎಂತಕೆ?” ಎಂದರು. ಹಿರಿಯ ಸದಸ್ಯರೊಬ್ಬರು ಕೈ ಆಡಿಸಿದರು. “ದೊಡ್ಡ ವಿಷಯ ಎಂತ ಅಲ್ಲ. ಹೆಸರು ಬದಲಿಸಿ ಹಾಕಿದ್ರಾಯ್ತು. ಅವರಲ್ಲಿ ಯಾರದ್ದಾದ್ರೂ ಮನೇಲಿ ಹೀಂಗೆ ಇದ್ದೇ ಇರ್ತದೆ.” ಸಭೆ ಮುಂದಿನ ವಿಷಯಕ್ಕೆ ಹೋಯಿತು. ಮೂರನೆಯ ದಿನ ನನಗೆ ಕಾಗದ ಬಂತು. ಸಂಸ್ಥೆಯ ಹೆಸರಿಗೆ ಧಕ್ಕೆ ತಂದದ್ದಕ್ಕೆ ಲಿಖಿತ ವಿವರಣೆಯೊಂದಿಗೆ ಹಾಜರಾಗಬೇಕಂತೆ. ನಾಳೆ ಹನ್ನೊಂದು ಗಂಟೆಗೆ.

ಇವತ್ತು ಮಧ್ಯಾಹ್ನ ವಿವರಣೆ ಬರೆದೆ. ನೀನು ಕೇಳುತ್ತಿದ್ದೆಯಲ್ಲ, ಓದಿ ಹೇಳುತ್ತೇನೆ. ‘ಸಾವಿತ್ರಿಯವರ ಗಂಡ ಕುಡಿಯುವವರಲ್ಲ, ಹೊಡೆದವರಲ್ಲ. ನಾನು ಸುಳ್ಳು ಬರೆದೆ. ಸಿದ್ದಿ ಗಂಡಸನ್ನು ಕುಡುಕನೆಂದರೆ ಈ ಕಚೇರಿಯಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ, ಬರೆದವಳೂ ಸಿದ್ದಿಯಾದರೆ ಅನುಮಾನವನ್ನೂ ಪಡುವುದಿಲ್ಲ ಎಂದು ಗೊತ್ತಿದ್ದೇ ಬರೆದೆ. ಈ ಪುಟವನ್ನು ಹಿಂತೆಗೆದುಕೊಂಡು, ಸಾವಿತ್ರಿಯವರು ಇಪ್ಪತ್ತು ವರ್ಷ ಈ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಎಂದು ಅಚ್ಚು ಹಾಕಬೇಕು. ಅದು ಆಗುವವರೆಗೆ ನಾನು ಕೇಳುತ್ತಲೇ ಇರುತ್ತೇನೆ, ಕೆಲಸದಲ್ಲಿದ್ದರೂ, ಇಲ್ಲದಿದ್ದರೂ.’ ಇಷ್ಟೇ. ಇದರಲ್ಲಿ ಕೊನೆಯ ಮಾತು ಅವರಿಗೆ ಬರೆದದ್ದಲ್ಲ, ನಿನಗೆ ಕೊಟ್ಟ ಮಾತು.

ಸಂಜೆ ಭಾವನಿಗೆ ಫೋನು ಮಾಡಿ ಅದನ್ನೇ ಓದಿದೆ. ಇನ್ನೊಮ್ಮೆ ಓದು ಎಂದರು, ಓದಿದೆ. ಆಮೇಲೆ, “ನಾಳೆ ನಾನೂ ಬರ್ತೆ,” ಎಂದರು. ಒಳಗೆ ಬಿಡುತ್ತಾರೋ ಇಲ್ಲವೋ ಭಾವ, ಅಷ್ಟು ದೂರದಿಂದ ಯಾಕೆ ಎಂದೆ.

“ಬಿಡದಿದ್ರೆ ಹೊರಗೆ ನಿಲ್ತೆ. ಹೋಗೋರಿಗೆ ಬರೋರಿಗೆ ಹೇಳ್ತೆ. ನಾ ನನ್ನ ಹೆಂಡ್ತಿ ಮೇಲೆ ಕೈ ಎತ್ತಿದೋನಲ್ಲ.”

ಅಷ್ಟು ಹೇಳಿ ಅವರು ಅತ್ತರು ಅಕ್ಕ. ನಿನ್ನನ್ನು ಎತ್ತಿಕೊಂಡು ಹೋದ ದಿನವೂ ಅತ್ತಿರಲಿಲ್ಲ.

ನಿನ್ನ ತಂಗಿ,
ಶೋಭಾ